ಮನೆ ಹಂಚುವವರಿಗೆ, ಗೆರೆ ಎಳೆಯುವವರಿಗೆ ಒಂದು ಬಹಿರಂಗ ಪತ್ರ

ವಸತಿ ಮಂಡಳಿ, ಪುನರ್ವಸತಿ ಇಲಾಖೆ, ನಗರ ಯೋಜನೆ, ಗಡಿ ಆಯೋಗ, ಹೀಗೆ ಯಾವ ದೇಶದ ಯಾವ ಕಚೇರಿಯಲ್ಲೇ ಇರಲಿ, ಯಾರ ಮನೆ ಎಲ್ಲಿರಬೇಕು ಅಂತ ಬರೆಯುವ ಎಲ್ಲರಿಗೂ.

ಮಾನ್ಯರೇ,

ನಾನು ನಿವೃತ್ತ ಭೂಗೋಳ ಮೇಷ್ಟ್ರು. ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಅವನದೂ ನಿಮ್ಮಂಥದ್ದೇ ಕೆಲಸ, ಪುನರ್ವಸತಿ ಕಚೇರಿಯಲ್ಲಿ. ಹೊಡೆದಾಡಿಕೊಂಡ ಎರಡು ಸಮುದಾಯಗಳ ಜನ ಮನೆಮಠ ಬಿಟ್ಟು ಬಂದಿದ್ದಾರೆ. ಅವರಿಗೆ ಎಲ್ಲಿ ಸೂರು ಕೊಡಬೇಕು ಅನ್ನುವ ಫೈಲು ಅವನ ಮೇಜಿನ ಮೇಲಿದೆ. “ಸರ್, ಎಲ್ಲರನ್ನೂ ಒಂದೇ ಕಡೆ ಹಾಕೋದಾ, ಬೇರೆ ಬೇರೆ ಕಡೆ ಹಾಕೋದಾ? ಸಂಜೆಯೊಳಗೆ ಷರಾ ಬರೀಬೇಕು” ಅಂದ.

ನನಗೆ ಥಟ್ಟನೆ ಹೇಳಲು ಆಗಲಿಲ್ಲ. “ನೋಡಪ್ಪ, ಅದು ಅಷ್ಟು ಸುಲಭ ಇಲ್ಲ” ಅಂತ ಏನೋ ತೇಲಿಸಿ ಫೋನ್ ಇಟ್ಟೆ. ಆಮೇಲೆ ನನ್ನ ಮೇಲೇ ಬೇಜಾರಾಯಿತು. ಅಷ್ಟು ವರ್ಷ ಗೋಡೆಗೆ ನಕ್ಷೆ ತೂಗುಹಾಕಿ, ಕೋಲು ಹಿಡಿದು, ಯಾವ ಜನ ಎಲ್ಲಿದ್ದಾರೆ ಅಂತ ಪಾಠ ಮಾಡಿದವನು ನಾನು. ಅವರು ಅಲ್ಲಿಗೆ ಹೇಗೆ ಬಂದರು ಅಂತ ಎಷ್ಟು ಸಲ ಹೇಳಿದ್ದೆ? ಅವನಿಗೆ ಉತ್ತರ ಬರೆಯಲು ಕೂತೆ. ಬರೆಯುತ್ತಾ ಹೋದ ಹಾಗೆ ಇದನ್ನು ಅವನೊಬ್ಬನಿಗೇ ಹೇಳಿದರೆ ಸಾಲದು ಅನಿಸಿತು.

ಅವನ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಬೇರೆ ಬೇರೆ ಇಟ್ಟರೆ ಮುಖಾಮುಖಿ ಆಗುವುದಿಲ್ಲ, ಜಗಳವೂ ಇಲ್ಲ ಅನ್ನುವುದು ಒಂದು. ಬೆರೆಸಿ ಇಟ್ಟರೆ ಪರಿಚಯ ಬೆಳೆಯುತ್ತದೆ, ದ್ವೇಷ ಕರಗುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದನ್ನು ಪೊಲೀಸರು ಹೇಳುತ್ತಾರೆ, ಎರಡನೆಯದನ್ನು ನನ್ನಂಥ ಮೇಷ್ಟ್ರುಗಳು. ಎರಡಕ್ಕೂ ಉದಾಹರಣೆ ಸಿಗುತ್ತದೆ. ಎರಡನ್ನೂ ಸುಳ್ಳು ಮಾಡುವ ಉದಾಹರಣೆಯೂ ಸಿಗುತ್ತದೆ.

2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೆಕ್ಕಾಚಾರ ಬಂತು. ಮಾಡಿದವರು ಗಣಿತದ ಮಾದರಿ ಕಟ್ಟುವವರು. ಹಿಂದಿನ ಯುಗೊಸ್ಲಾವಿಯ ಮತ್ತು ಭಾರತದ ಜನಗಣತಿ ಅಂಕಿಗಳನ್ನು ತೆಗೆದುಕೊಂಡು, ಬರೀ ನೆಲೆಗಳ ಆಕಾರ ನೋಡಿಯೇ ಗಲಭೆ ಎಲ್ಲಿ ಆಗಬಹುದು ಅಂತ ಗುರುತು ಹಾಕಿದರು. ನಿಜವಾಗಿ ಗಲಭೆ ಆದ ಜಾಗಗಳ ಜೊತೆ ಅದು ಚೆನ್ನಾಗಿಯೇ ತಾಳೆಯಾಯಿತು. ಅವರು ಹೇಳಿದ್ದು ಇಷ್ಟು. ಜನ ಪೂರ್ತಿ ಬೆರೆತಿದ್ದರೆ ಯಾವ ಬೀದಿಯೂ ಒಂದು ಗುಂಪಿನದು ಅನಿಸುವುದಿಲ್ಲ. ದೊಡ್ಡ ದೊಡ್ಡ ಪ್ರದೇಶಗಳಾಗಿ ಬೇರೆಯಾಗಿ, ನಡುವೆ ಸ್ಪಷ್ಟ ಗಡಿ ಇದ್ದರೆ ಯಾರ ಜಾಗ ಯಾರದು ಅನ್ನುವುದರಲ್ಲಿ ತಕರಾರಿಲ್ಲ. ತೊಂದರೆ ಇರುವುದು ನಡುವಿನದರಲ್ಲಿ. ಹತ್ತಾರು ಕಿಲೋಮೀಟರ್ ಅಗಲದ ತುಂಡು ತುಂಡು ನೆಲೆಗಳು, ಅವುಗಳ ಅಂಚು ಎಲ್ಲಿ ಮುಗಿಯುತ್ತದೆ ಅಂತ ಯಾರಿಗೂ ಗೊತ್ತಿಲ್ಲದ ಸ್ಥಿತಿ.

ಯಾಕೆ ಅಂತ ಯೋಚಿಸಿದರೆ ಅರ್ಥವಾಗುತ್ತದೆ. ಒಂದು ಕಣಿವೆಯಲ್ಲಿ ನಮ್ಮವರ ನಾಲ್ಕು ಹಳ್ಳಿ ಇವೆ ಅಂದುಕೊಳ್ಳಿ. ಸುತ್ತ ಅವರ ಹಳ್ಳಿಗಳು. ಮಾರುಕಟ್ಟೆ, ಚೌಕ, ಮೆರವಣಿಗೆ ದಾರಿ ಎಲ್ಲ ನಮ್ಮದು ಅನ್ನುವಷ್ಟು ಜನ ನಾವಿದ್ದೇವೆ. ಯಾರಾದರೂ ಸುತ್ತುವರಿದರೆ ಉಳಿಸಿಕೊಳ್ಳುವಷ್ಟು ಇಲ್ಲ. ಸರ್ಕಾರ ಗಟ್ಟಿಯಾಗಿರುವ ತನಕ ಇದು ಯಾರ ತಲೆಗೂ ಬರುವುದಿಲ್ಲ. ಸರ್ಕಾರ ಅಲುಗಾಡಿದ ದಿನ ಆ ಕಡೆಯವರು ಭಯಕ್ಕೆ ನಾಲ್ಕು ಬಂದೂಕು ತರುತ್ತಾರೆ. ಅದು ಭಯಕ್ಕೆ ತಂದಿದ್ದು ಅಂತ ನಮಗೆ ಹೇಗೆ ಗೊತ್ತಾಗಬೇಕು? ನಾವೂ ತರುತ್ತೇವೆ. ಆಮೇಲೆ ಯಾರೋ ಒಬ್ಬ, ದಾರಿ ಕಟ್ಟಾಗುವ ಮೊದಲೇ ನಾವು ಕೈ ಮಾಡೋಣ ಅನ್ನುತ್ತಾನೆ. ಇಷ್ಟಕ್ಕೆ ಯಾರೂ ದುಷ್ಟರಾಗಿರಬೇಕಿಲ್ಲ ಅನ್ನುವುದೇ ಇದರಲ್ಲಿ ಭಯ ಹುಟ್ಟಿಸುವ ವಿಷಯ.

ಯುಗೊಸ್ಲಾವಿಯದ ಭಾಗವಾಗಿದ್ದ ಬೋಸ್ನಿಯದಲ್ಲಿ ಆಗಿದ್ದು ಹೆಚ್ಚುಕಡಿಮೆ ಇದೇ. 1991ರ ಜನಗಣತಿಯಲ್ಲಿ ಅಲ್ಲಿ ಸುಮಾರು ಶೇ. 44 ಮುಸ್ಲಿಮರು, ಶೇ. 31 ಸರ್ಬರು, ಶೇ. 17 ಕ್ರೊಯೇಟರು. ನಕ್ಷೆ ಚಿಂದಿ ಬಟ್ಟೆ ಹೊಲಿದ ಕೌದಿಯ ಹಾಗಿತ್ತು. 1992ರಿಂದ 1995ರವರೆಗಿನ ಯುದ್ಧದಲ್ಲಿ ಸುಮಾರು 1 ಲಕ್ಷ ಜನ ಸತ್ತರು. ದೇಶದ ಅರ್ಧದಷ್ಟು ಜನ ಮನೆ ಬಿಟ್ಟರು.

ಆದರೆ ಆ ಲೆಕ್ಕಾಚಾರದ ಬಗ್ಗೆ ನನ್ನದೊಂದು ತಕರಾರಿದೆ. ಅದೇ ಕೌದಿ 1971ರಲ್ಲೂ ಇತ್ತು, 1981ರಲ್ಲೂ ಇತ್ತು. ಆಗ ಯಾರೂ ಯಾರನ್ನೂ ಕೊಲ್ಲಲಿಲ್ಲ. ನೆಲೆಗಳ ಆಕಾರ ನೋಡಿ ‘ಎಲ್ಲಿ’ ಅಂತ ಹೇಳಬಹುದೇನೋ, ‘ಯಾವಾಗ’ ಅಂತ ಹೇಳಲು ಬರುವುದಿಲ್ಲ. ಬೋಸ್ನಿಯದ ಕೆಳಗಿನ ನಕ್ಷೆ ಹಾಗೇ ಇತ್ತು, ಮೇಲಿನ ದೇಶ ಒಡೆಯಿತು. ನಿನ್ನೆಯವರೆಗೆ ಯುಗೊಸ್ಲಾವಿಯದ ಪ್ರಜೆಯಾಗಿದ್ದವನು ಬೆಳಗ್ಗೆ ಎದ್ದಾಗ ಇನ್ನೊಬ್ಬರ ದೇಶದಲ್ಲಿ ಅಲ್ಪಸಂಖ್ಯಾತನಾಗಿದ್ದ.

ಬೆರೆತು ಬಾಳಿದರೆ ಸಾಕು ಅನ್ನುವವರಿಗೆ ರುವಾಂಡ ನೆನಪಿಸಬೇಕು. ಹುಟುಗಳೂ ಟುಟ್ಸಿಗಳೂ ಒಂದೇ ಗುಡ್ಡದ ಮೇಲೆ, ಪಕ್ಕಪಕ್ಕದಲ್ಲಿ, ಒಂದೇ ಭಾಷೆ ಆಡಿಕೊಂಡು ಇದ್ದವರು. ಅಷ್ಟು ಬೆರೆತ ನೆಲೆ ಬೇರೆಲ್ಲೂ ಸಿಗುವುದು ಕಷ್ಟ. 1994ರಲ್ಲಿ ಸುಮಾರು 100 ದಿನಗಳಲ್ಲಿ 8 ಲಕ್ಷದಷ್ಟು ಜನರ ಕೊಲೆಯಾಯಿತು. ಯಾರು ಯಾರು ಅಂತ ಗುರುತಿಸಲು ಗಡಿಗೆರೆ ಬೇಕಾಗಲಿಲ್ಲ. 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ಶುರು ಮಾಡಿದ ಗುರುತಿನ ಚೀಟಿ ಪ್ರತಿಯೊಬ್ಬರ ಜೇಬಿನಲ್ಲೂ ಇತ್ತು. ಅದರ ಮೇಲೆ ಕುಲ ಬರೆದಿತ್ತು. ರಸ್ತೆಗೆ ಅಡ್ಡ ನಿಂತವರು ಚೀಟಿ ಕೇಳುತ್ತಿದ್ದರು. ಅಲ್ಲಿ ಗಡಿ ನೆಲದ ಮೇಲಿರಲಿಲ್ಲ, ಕಾಗದದಲ್ಲಿತ್ತು.

ಇನ್ನು, ಬೇರೆ ಬೇರೆ ಇದ್ದೂ ಚೆನ್ನಾಗಿರುವವರು ಯಾರು ಅಂದರೆ ಎಲ್ಲರೂ ಸ್ವಿಟ್ಜರ್ಲೆಂಡ್ ತೋರಿಸುತ್ತಾರೆ. ನಾಲ್ಕು ರಾಷ್ಟ್ರಭಾಷೆ, 26 ಕ್ಯಾಂಟನ್ (ಅಂದರೆ ಅಲ್ಲಿನ ರಾಜ್ಯಗಳು), ನಡುವೆ ಬೆಟ್ಟ, ಸರೋವರ. ಮಕ್ಕಳಿಗೆ ನಾನೂ ಹಾಗೇ ಪಾಠ ಮಾಡಿದ್ದೆ. ಜುರಾದ ಕಥೆ ಹೇಳಿರಲಿಲ್ಲ. 1815ರಲ್ಲಿ ವಿಯೆನ್ನಾದಲ್ಲಿ ದೊಡ್ಡ ದೇಶಗಳು ಸೇರಿ, ಫ್ರೆಂಚ್ ಮಾತಾಡುವ ಜುರಾ ಪ್ರದೇಶವನ್ನು ಜರ್ಮನ್ ಮಾತಾಡುವ ಬರ್ನ್‌ಗೆ ಕೊಟ್ಟವು. ಅಲ್ಲಿಯವರನ್ನು ಯಾರೂ ಕೇಳಲಿಲ್ಲ. ಒಂದೂವರೆ ಶತಮಾನ ಆದ ಮೇಲೂ ಆ ಅಸಮಾಧಾನ ಆರಿರಲಿಲ್ಲ. 1960ರ ದಶಕದಲ್ಲಿ ಬೆಂಕಿ ಹಚ್ಚುವ, ಬಾಂಬ್ ಇಡುವ ಮಟ್ಟಕ್ಕೂ ಹೋಯಿತು. ಹೌದು, ಸ್ವಿಟ್ಜರ್ಲೆಂಡಿನಲ್ಲೇ. ಕೊನೆಗೆ ಊರೂರಿನಲ್ಲಿ ಮತ ಹಾಕಿಸಿ 1979ರಲ್ಲಿ ಜುರಾ ಬೇರೆ ಕ್ಯಾಂಟನ್ ಆಯಿತು. ದಕ್ಷಿಣದ ಭಾಗ ಬರ್ನ್ ಜೊತೆಗೇ ಉಳಿಯಿತು. ಅಂಚಿನಲ್ಲಿದ್ದ ಮೂಟಿಯೇ ಅನ್ನುವ ಪಟ್ಟಣದ ವಿಷಯ ಇನ್ನೂ ಎಳೆಯಿತು. 2017ರಲ್ಲಿ ಅಲ್ಲಿಯವರು ಜುರಾ ಸೇರಲು ಮತ ಹಾಕಿದರು. ಯಾರು ನಿಜವಾಗಿ ಆ ಊರಿನವರು ಅನ್ನುವ ತಕರಾರೂ ಸೇರಿ ಆ ಮತದಾನ ರದ್ದಾಯಿತು. 2021ರಲ್ಲಿ ಮತ್ತೆ ಮಾಡಿದರು, ಮತ್ತೆ ಜುರಾವೇ ಗೆದ್ದಿತು. ಒಂದು ಸಣ್ಣ ಪಟ್ಟಣಕ್ಕಾಗಿ ಇಷ್ಟು ತಾಳ್ಮೆ! ನಗು ಬರಬಹುದು. ನನಗೆ ಹೊಟ್ಟೆಕಿಚ್ಚು ಬಂತು.

ಒಂದೇ ಕಡೆ ಒತ್ತಾಗಿ ನೆಲೆಸಿರುವ ಗುಂಪು ತನ್ನ ನೆಲ ಕೇಳುತ್ತದೆ, ಚದುರಿದ ಗುಂಪು ಹೊಂದಾಣಿಕೆ ಮಾಡಿಕೊಳ್ಳುತ್ತದೆ ಅನ್ನುವ ಮಾತೂ ಇದೆ. ಇದರಲ್ಲಿ ಸತ್ಯ ಜಾಸ್ತಿ ಇದೆ. ಸೋವಿಯತ್ ಒಡೆದಾಗ ರಷ್ಯಾದೊಳಗಿನ ಟಾಟರ್‌ಸ್ತಾನ ತಾನು ಸಾರ್ವಭೌಮ ಅಂದಿತು, ಚೆಚೆನ್ಯ ತಾನು ಸ್ವತಂತ್ರ ಅಂದಿತು. 1989ರ ಗಣತಿ ಪ್ರಕಾರ ಟಾಟರ್‌ಸ್ತಾನದಲ್ಲಿ ಟಾಟರರು ಶೇ. 48 ದಾಟಿದ್ದರು ಅಷ್ಟೆ, ರಷ್ಯನ್ನರು ಶೇ. 43. ರಷ್ಯಾದ ಟಾಟರರಲ್ಲಿ ಬಹುಪಾಲು ಜನ ಬೇರೆ ಕಡೆ ಚದುರಿದ್ದರು. ಅವರು 1994ರ ಫೆಬ್ರವರಿಯಲ್ಲಿ ಮಾಸ್ಕೊ ಜೊತೆ ಒಪ್ಪಂದ ಮಾಡಿಕೊಂಡರು. ಚೆಚೆನ್ನರು ತಮ್ಮ ನೆಲದಲ್ಲಿ ಸ್ಪಷ್ಟ ಬಹುಮತದಲ್ಲಿದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಲ್ಲಿಗೆ ಟ್ಯಾಂಕುಗಳು ಬಂದವು.

ಆದರೆ ಇಷ್ಟೇ ಹೇಳಿ ನಿಲ್ಲಿಸಿದರೆ ನಾನು ಮತ್ತೆ ಹಳೆಯ ಮೇಷ್ಟ್ರೇ ಆಗುತ್ತೇನೆ. ಚೆಚೆನ್ನರ ನಕ್ಷೆಯ ಹಿಂದೆ 1944ರ ಫೆಬ್ರವರಿ ಇದೆ. ಸ್ಟಾಲಿನ್ ಸರ್ಕಾರ ಚೆಚೆನ್ನರನ್ನೂ ಅವರ ನೆರೆಯ ಇಂಗುಷರನ್ನೂ, ಸುಮಾರು 5 ಲಕ್ಷ ಜನರನ್ನು, ಕೆಲವೇ ದಿನಗಳಲ್ಲಿ ರೈಲು ಹತ್ತಿಸಿ ಮಧ್ಯ ಏಷ್ಯಾಕ್ಕೆ ಸಾಗಿಸಿತು. ದಾರಿಯಲ್ಲೂ ಅಲ್ಲಿ ಹೋದ ಮೇಲೂ ಬಹಳ ಜನ ಸತ್ತರು. ಖಾಲಿಯಾದ ಮನೆಗಳಿಗೆ ಬೇರೆಯವರನ್ನು ತಂದು ಕೂರಿಸಿದರು. ಇಂಗುಷರ ಪ್ರಿಗೊರೊದ್ನಿ ಜಿಲ್ಲೆಯನ್ನು ಪಕ್ಕದ ಉತ್ತರ ಒಸೇಟಿಯಕ್ಕೆ ಸೇರಿಸಿದರು. 1957ರಲ್ಲಿ ಸರ್ಕಾರ ಮನಸ್ಸು ಬದಲಾಯಿಸಿ ಜನರನ್ನು ವಾಪಸ್ ಕರೆಯಿತು, ಜಿಲ್ಲೆಯನ್ನು ಮಾತ್ರ ವಾಪಸ್ ಕೊಡಲಿಲ್ಲ.

ಈ ಜಾಗದಲ್ಲಿ ದಯವಿಟ್ಟು ಸ್ವಲ್ಪ ನಿಲ್ಲಿ. ನಿಮ್ಮ ಕೆಲಸದ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ವಾಪಸ್ ಬಂದ ಇಂಗುಷ್ ಕುಟುಂಬ ತನ್ನ ಹಳೆಯ ಬಾಗಿಲು ತಟ್ಟಿದರೆ ಒಳಗೆ ಇನ್ನೊಂದು ಕುಟುಂಬ. ಆ ಒಸೇಟಿಯನ್ ಕುಟುಂಬದ ತಪ್ಪಾದರೂ ಏನು? ಅವರಲ್ಲೂ ಎಷ್ಟೋ ಜನರನ್ನು ಸರ್ಕಾರವೇ ಎಬ್ಬಿಸಿ ಅಲ್ಲಿಗೆ ತಂದಿತ್ತು. ಅವರ ಮಕ್ಕಳು ಹುಟ್ಟಿದ್ದು ಅದೇ ಮನೆಯಲ್ಲಿ. ಒಂದು ಮನೆಗೆ ಇಬ್ಬರು ಯಜಮಾನರು, ಇಬ್ಬರೂ ಪ್ರಾಮಾಣಿಕರು. 1991ರಲ್ಲಿ ರಷ್ಯಾ ಒಂದು ಕಾನೂನು ತಂದಿತು. ದಬ್ಬಾಳಿಕೆಗೆ ಒಳಗಾದ ಜನಾಂಗಗಳಿಗೆ ಅವರ ನೆಲ ಮರಳಿಸುತ್ತೇವೆ ಅಂತ. ಒಳಗಿರುವ ಕುಟುಂಬ ಎಲ್ಲಿಗೆ ಹೋಗಬೇಕು, ಯಾರು ತೀರ್ಮಾನ ಮಾಡಬೇಕು ಅನ್ನುವ ದಾರಿಯನ್ನು ಅದು ತೋರಿಸಲಿಲ್ಲ. ಮುಂದಿನ ವರ್ಷ ಅಕ್ಟೋಬರ್ ಕೊನೆಯಲ್ಲಿ ಗುಂಡು ಹಾರಿತು. ನೂರಾರು ಜನ ಸತ್ತರು. ಹತ್ತಾರು ಸಾವಿರ ಇಂಗುಷರು ಎರಡನೇ ಸಲ ಮನೆ ಬಿಟ್ಟು ಓಡಿದರು.

ನಕ್ಷೆಯ ಮೇಲೆ ನೋಡಿದರೆ ಪ್ರಿಗೊರೊದ್ನಿಯೂ ಆ ಲೆಕ್ಕಾಚಾರದವರು ಹೇಳುವ ‘ನಡುವಿನ ಗಾತ್ರದ ತುಂಡು’ ಅನಿಸುತ್ತದೆ. ಆ ತುಂಡನ್ನು ಕತ್ತರಿಸಿದ್ದು ಯಾರು ಅಂತ ನಕ್ಷೆ ಹೇಳುವುದಿಲ್ಲ ಅಲ್ವಾ? ನನ್ನ ವಿದ್ಯಾರ್ಥಿಗೆ ನಾನು ಹೇಳಬೇಕಿದ್ದ ಮಾತು ಇದೇ. ಯಾರು ಎಲ್ಲಿದ್ದಾರೆ ಅನ್ನುವುದನ್ನು ಮಳೆ ಬೆಳೆಯ ಹಾಗೆ ಪ್ರಕೃತಿ ಕೊಟ್ಟಿದ್ದು ಅಂತ ನಾವು ನೋಡುತ್ತೇವೆ. ಎಷ್ಟೋ ಕಡೆ ಅದು ಒಂದು ಆದೇಶ, ಒಂದು ಹಂಚಿಕೆ ಪಟ್ಟಿ, ಒಂದು ಸಹಿ. ನೆಲೆಯ ಆಕಾರಕ್ಕಿಂತ ಅದು ಎಷ್ಟು ಬೇಗ ಬದಲಾಯಿತು, ಯಾರು ಬದಲಾಯಿಸಿದರು, ಅನ್ಯಾಯ ಆಯಿತು ಅಂದವನು ಯಾರ ಬಳಿ ಹೋಗಬಹುದಿತ್ತು ಅನ್ನುವುದೇ ಜಾಸ್ತಿ ಹೇಳುತ್ತದೆ ಅಂತ ನನ್ನ ಅನಿಸಿಕೆ.

ಶ್ರೀಲಂಕಾ ನೋಡಿ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಪೂರ್ವ ಪ್ರಾಂತ್ಯದಲ್ಲಿ ಗಾಲ್ ಓಯಾ ಅಣೆಕಟ್ಟು ಕಟ್ಟಿದರು. ನೀರಾವರಿ ಆದ ಹೊಸ ಜಮೀನಿಗೆ ಬೇರೆ ಕಡೆಯಿಂದ ಸಿಂಹಳ ರೈತ ಕುಟುಂಬಗಳನ್ನು ದೊಡ್ಡ ಸಂಖ್ಯೆಯಲ್ಲಿ ತಂದು ನೆಲೆ ಮಾಡಿಸಿದರು. ಬಡ ರೈತನಿಗೆ ಜಮೀನು, ಇದರಲ್ಲೇನು ತಪ್ಪು ಅಂತ ಕೇಳಬಹುದು. ತಮಿಳರಿಗೆ ಅದು ತಮ್ಮ ಪ್ರಾಂತ್ಯದ ಜನಸಂಖ್ಯೆಯನ್ನೇ ಬದಲಾಯಿಸುವ ಕೆಲಸವಾಗಿ ಕಂಡಿತು. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಅನ್ನುವ ಕಾನೂನು ಬಂದಾಗ ದೊಡ್ಡ ಗಲಭೆ ಆಗಿದ್ದು ಇದೇ ಗಾಲ್ ಓಯಾದಲ್ಲಿ. ಮುಂದಿನ ವರ್ಷ ಪ್ರಧಾನಿ ಬಂಡಾರನಾಯಕೆ, ತಮಿಳು ನಾಯಕ ಚೆಲ್ವನಾಯಕಂ ಒಂದು ಒಪ್ಪಂದಕ್ಕೆ ಬಂದರು. ಅದರಲ್ಲಿ ಭಾಷೆಯ ಜೊತೆಗೆ, ಹೊಸ ಜಮೀನನ್ನು ಯಾರಿಗೆ ಕೊಡಬೇಕು ಅಂತ ಆರಿಸುವ ಅಧಿಕಾರ ಪ್ರಾದೇಶಿಕ ಮಂಡಳಿಗಳಿಗೆ ಇರಬೇಕು ಅನ್ನುವ ಮಾತೂ ಇತ್ತು. ಹಂಚಿಕೆ ಪಟ್ಟಿ ಅಷ್ಟು ಮುಖ್ಯವಾಗಿತ್ತು. 1958ರಲ್ಲಿ ಒಪ್ಪಂದ ಹರಿದುಬಿತ್ತು. ಆಮೇಲಿನದು ನಿಮಗೆ ಗೊತ್ತೇ ಇದೆ.

ಕಿರ್ಗಿಸ್ತಾನದ ಓಶ್‌ನಲ್ಲಿ 1990ರಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡ ಗಲಭೆ ಶುರುವಾಗಿದ್ದೂ ಮನೆಯ ವಿಷಯಕ್ಕೇ. ಮನೆಯಿಲ್ಲದ ಕಿರ್ಗಿಸ್ ಯುವಕರಿಗೆ ನಿವೇಶನ ಬೇಕಿತ್ತು. ಅಧಿಕಾರಿಗಳು ತೋರಿಸಿದ ಜಾಗ ಉಜ್ಬೆಕರೇ ಹೆಚ್ಚಾಗಿದ್ದ ಒಂದು ಸಾಮೂಹಿಕ ಬೇಸಾಯದ ಹೊಲ. 20 ವರ್ಷ ಬಿಟ್ಟು ಅದೇ ಓಶ್ ಮತ್ತೆ ಹೊತ್ತಿಕೊಂಡಿತು. ಆ ಸಲ ಸತ್ತವರು 400ಕ್ಕೂ ಹೆಚ್ಚು.

ಲಕ್ಷ ಜನರ ಸ್ಥಳಾಂತರವೇ ಆಗಬೇಕು ಅಂತೇನಿಲ್ಲ. ಒಂದೇ ಒಂದು ಮನೆ ಸಾಕು. ಉತ್ತರ ಐರ್ಲೆಂಡಿನ ಕ್ಯಾಲಿಡನ್ ಅನ್ನುವ ಹಳ್ಳಿಯಲ್ಲಿ, 1968ರ ಜೂನ್‌ನಲ್ಲಿ, ಸ್ಥಳೀಯ ಮಂಡಳಿ ಒಂದು ಮನೆಯನ್ನು ಮದುವೆಯಾಗದ 19 ವರ್ಷದ ಪ್ರಾಟೆಸ್ಟಂಟ್ ಯುವತಿಗೆ ಹಂಚಿತು. ಮಕ್ಕಳಿರುವ ಕ್ಯಾಥೊಲಿಕ್ ಕುಟುಂಬಗಳು ಸಾಲಿನಲ್ಲಿ ಕಾಯುತ್ತಿದ್ದವು. ಆಸ್ಟಿನ್ ಕರಿ ಅನ್ನುವ ಶಾಸಕ ಆ ಮನೆಯೊಳಗೆ ಹೋಗಿ ಕೂತ. ಪೊಲೀಸರು ಎಳೆದು ಹೊರಹಾಕಿದರು. ಅದೇ ಆಗಸ್ಟ್‌ನಲ್ಲಿ ಮೊದಲ ನಾಗರಿಕ ಹಕ್ಕು ಮೆರವಣಿಗೆ ನಡೆಯಿತು. ಮುಂದಿನ ವರ್ಷ ಬೀದಿಗೆ ಸೈನ್ಯ ಬಂತು. ಒಟ್ಟು 30 ವರ್ಷ, ಸುಮಾರು 3,500 ಸಾವು. ಇದೆಲ್ಲ ಆ ಒಂದು ಮನೆಯಿಂದ ಆಯಿತು ಅಂದರೆ ಅತಿಯಾಗುತ್ತದೆ, ನಾನು ಹಾಗೆ ಹೇಳುವುದಿಲ್ಲ. ಆದರೆ ಅಲ್ಲಿ ಸ್ಥಳೀಯ ಚುನಾವಣೆಯಲ್ಲಿ ಮತ ಇದ್ದಿದ್ದು ಮನೆತೆರಿಗೆ ಕಟ್ಟುವವರಿಗೆ. ಮನೆ ಕೊಟ್ಟರೆ ಮತ ಕೊಟ್ಟ ಹಾಗೆ. ಅದಕ್ಕೇ ಯಾವ ವಾರ್ಡಿನಲ್ಲಿ ಯಾರಿಗೆ ಮನೆ ಅನ್ನುವುದನ್ನು ಮಂಡಳಿಗಳು ಅಳೆದು ತೂಗಿ ನೋಡುತ್ತಿದ್ದವು. 1971ರಲ್ಲಿ ಹಂಚಿಕೆಯ ಅಧಿಕಾರವನ್ನು ಅವುಗಳ ಕೈಯಿಂದ ಕಿತ್ತು ಒಂದು ಪ್ರತ್ಯೇಕ ವಸತಿ ಸಂಸ್ಥೆಗೆ ಕೊಟ್ಟರು. ಮೂರು ವರ್ಷ ತಡವಾಗಿತ್ತು.

ಅದೇ ಉತ್ತರ ಐರ್ಲೆಂಡಿನಿಂದ ಇನ್ನೊಂದು ಪದದ ಕಥೆ. ‘ತಾತ್ಕಾಲಿಕ’. 1969ರಲ್ಲಿ ಬೆಲ್‌ಫಾಸ್ಟ್‌ನ ಎರಡು ಕೇರಿಗಳ ನಡುವೆ ಸೈನ್ಯ ಬೇಲಿ ಹಾಕಿತು. ಇದು ತೀರಾ ತಾತ್ಕಾಲಿಕ, ಈ ನಗರದಲ್ಲಿ ಬರ್ಲಿನ್ ಗೋಡೆ ಗೀಡೆ ಏನೂ ಇರುವುದಿಲ್ಲ ಅಂತ ಅಲ್ಲಿನ ಸೇನಾ ಮುಖ್ಯಸ್ಥರು ಹೇಳಿದ್ದರು. ಬರ್ಲಿನ್ ಗೋಡೆ 28 ವರ್ಷಕ್ಕೆ ಬಿತ್ತು. ಬೆಲ್‌ಫಾಸ್ಟ್ ಬೇಲಿ ಇಟ್ಟಿಗೆ ಆಯಿತು, ಮೇಲೆ ಕಬ್ಬಿಣದ ಜಾಲರಿ ಬಂತು. ಅರ್ಧ ಶತಮಾನ ದಾಟಿತು. 1998ರ ಶಾಂತಿ ಒಪ್ಪಂದದ ನಂತರವೂ ಹೊಸ ಗೋಡೆಗಳು ಎದ್ದವು. 2023ರೊಳಗೆ ಎಲ್ಲವನ್ನೂ ತೆಗೆಯುತ್ತೇವೆ ಅಂತ ಸರ್ಕಾರ 2013ರಲ್ಲಿ ಹೇಳಿತ್ತು. ತೆಗೆಯಲಿಲ್ಲ. ಗೋಡೆ ಪಕ್ಕದ ನಿವಾಸಿಗಳಲ್ಲೇ ಎಷ್ಟೋ ಜನರಿಗೆ ಅದು ಬೀಳುವುದು ಬೇಕಿಲ್ಲ. ಕಟ್ಟಿದಾಗ ಭಯ ಇತ್ತು, ಗೋಡೆ ಬಂತು. ಈಗ ಗೋಡೆ ಇದೆ, ಅದು ಬೀಳುವ ಭಯ.

ಸೈಪ್ರಸ್‌ನಲ್ಲೂ ಹೀಗೇ. 1963ರ ಡಿಸೆಂಬರ್‌ನಲ್ಲಿ ನಿಕೋಸಿಯಾದಲ್ಲಿ ಗ್ರೀಕರಿಗೂ ತುರ್ಕರಿಗೂ ಹೊಡೆದಾಟ ಆದಾಗ ಒಬ್ಬ ಬ್ರಿಟಿಷ್ ಸೇನಾಧಿಕಾರಿ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಲ್ಲಿ ಗೆರೆ ಎಳೆದ. ಜಗಳ ನಿಲ್ಲಿಸಲು ಎಳೆದ ಗೆರೆ ಅದು, ಒಳ್ಳೆಯ ಉದ್ದೇಶವೇ. ತುರ್ಕರು ಬೆರೆತ ಹಳ್ಳಿಗಳನ್ನು ಬಿಟ್ಟು ತಮ್ಮವರ ಗುಂಪಿನೊಳಗೆ ಸರಿಯುತ್ತಾ ಹೋದರು. 1974ರಲ್ಲಿ ಮೊದಲು ಸರ್ಕಾರ ಉರುಳಿಸುವ ಸೇನಾ ದಂಗೆ, ಆಮೇಲೆ ತುರ್ಕಿಯ ಸೈನ್ಯ. ಊರೊಳಗಿನ ಗೆರೆ ದ್ವೀಪದ ಉದ್ದಕ್ಕೂ ಬೆಳೆಯಿತು. ಈಗ ಅದು ಸುಮಾರು 180 ಕಿಲೋಮೀಟರ್. ಹೆಸರು ಇಂದಿಗೂ ‘ಗ್ರೀನ್ ಲೈನ್’. 2003ರವರೆಗೆ ಸಾಮಾನ್ಯ ಜನ ಅದನ್ನು ದಾಟುವ ಹಾಗೇ ಇರಲಿಲ್ಲ.

ಈಗ ಮಣಿಪುರಕ್ಕೆ ಬನ್ನಿ. ಕಣಿವೆ ಆ ರಾಜ್ಯದ ನೆಲದಲ್ಲಿ ಹತ್ತನೇ ಒಂದು ಭಾಗ, ಅರ್ಧಕ್ಕಿಂತ ಜಾಸ್ತಿ ಜನ ಅಲ್ಲೇ, ಹೆಚ್ಚಿನವರು ಮೈತೇಯಿಗಳು. ಸುತ್ತಲಿನ ಬೆಟ್ಟದಲ್ಲಿ ಕುಕಿ, ನಾಗಾ ಮತ್ತಿತರ ಬುಡಕಟ್ಟುಗಳು. ಬೆಟ್ಟದಲ್ಲಿ ಜಮೀನು ಕೊಳ್ಳಲಾಗುವುದಿಲ್ಲ ಅನ್ನುವ ಕೊರಗು ಕಣಿವೆಯವರದು. ಇರುವ ನೆಲವೂ ಕೈತಪ್ಪುತ್ತದೆ ಅನ್ನುವ ಭಯ ಬೆಟ್ಟದವರದು. 2023ರ ಮೇ 3ರಿಂದ ಶುರುವಾದ ಹಿಂಸೆಯಲ್ಲಿ 250ಕ್ಕೂ ಹೆಚ್ಚು ಜನ ಸತ್ತರು, ಸುಮಾರು 60,000 ಜನ ಮನೆ ಕಳೆದುಕೊಂಡರು. ಮೊದಲ ದಿನಗಳಲ್ಲಿ ಕೆಟ್ಟದಾಗಿ ಹೊತ್ತಿಕೊಂಡ ಜಾಗಗಳಲ್ಲಿ ಬೆಟ್ಟ ಕಣಿವೆ ಸೇರುವ ಅಂಚು ಒಂದು. ಇಂಫಾಲದಲ್ಲಿದ್ದ ಕುಕಿಗಳು ಬೆಟ್ಟಕ್ಕೆ, ಚುರಾಚಾಂದ್‌ಪುರದಲ್ಲಿದ್ದ ಮೈತೇಯಿಗಳು ಕಣಿವೆಗೆ. ನಡುವೆ ಭದ್ರತಾ ಪಡೆಗಳು ಕಾಯುವ ‘ಬಫರ್ ವಲಯ’ ಬಂತು. ಜೀವ ಉಳಿಸಲು ಅದು ಬೇಕಿತ್ತು, ಇಲ್ಲ ಅನ್ನುವುದಿಲ್ಲ. ಅದನ್ನು ಹಾಕಿದ ದಿನವೇ ತೆಗೆಯುವ ದಿನದ ಬಗ್ಗೆ ಯಾರಾದರೂ ಒಂದು ಸಾಲು ಬರೆದರಾ ಅನ್ನುವುದು ನನ್ನ ಪ್ರಶ್ನೆ.

ಎಲ್ಲ ತಪ್ಪನ್ನೂ ನಿಮ್ಮ ಮೇಲೆ ಹಾಕುತ್ತಿದ್ದೇನೆ ಅಂತ ಬೇಸರಿಸಬೇಡಿ. ಜನರೂ ಕಡಿಮೆಯಿಲ್ಲ. ಥಾಮಸ್ ಶೆಲ್ಲಿಂಗ್ ಅನ್ನುವ ಅರ್ಥಶಾಸ್ತ್ರಜ್ಞ ಇದ್ದರು, 2005ರಲ್ಲಿ ನೊಬೆಲ್ ಬಂತು. ಅವರು ಹಲಗೆಯ ಮೇಲೆ ಎರಡು ಬಗೆಯ ನಾಣ್ಯ ಇಟ್ಟು ಒಂದು ಆಟ ಆಡಿ ತೋರಿಸಿದ್ದರು. ಚೆಸ್ ಹಲಗೆ ಇದ್ದರೆ ನೀವೂ ಆಡಿ ನೋಡಿ. ಕಪ್ಪು ಬಿಳಿ ಕಾಯಿಗಳನ್ನು ಬೆರೆಸಿ ಇಡಿ, ಕೆಲವು ಮನೆ ಖಾಲಿ ಬಿಡಿ. ನಿಯಮ ಒಂದೇ. ಅಕ್ಕಪಕ್ಕದಲ್ಲಿ ಮೂರರಲ್ಲಿ ಒಬ್ಬರಾದರೂ ನನ್ನ ಬಣ್ಣದವರು ಇರಲಿ, ಇಲ್ಲದಿದ್ದರೆ ಖಾಲಿ ಮನೆಗೆ ಹೋಗುತ್ತೇನೆ. ಇದು ದ್ವೇಷವೇನಲ್ಲ. ಸ್ವಲ್ಪ ಹೊತ್ತು ಕಾಯಿ ನಡೆಸಿ. ಹಲಗೆ ಕಪ್ಪು ಕೇರಿ, ಬಿಳಿ ಕೇರಿ ಆಗಿಬಿಟ್ಟಿರುತ್ತದೆ. ತರಗತಿಯಲ್ಲಿ ಇದನ್ನು ಮಾಡಿಸಿದಾಗ ಮಕ್ಕಳು, “ಯಾರು ಮೋಸ ಮಾಡಿದ್ದು ಸರ್?” ಅಂತ ಕೇಳುತ್ತಿದ್ದರು. ಯಾರೂ ಮಾಡಿರಲಿಲ್ಲ. ಶಾಂತಿಯ ಕಾಲದಲ್ಲೇ ಹೀಗಾದರೆ, ಒಂದು ಗಲಭೆ ಆದ ಮೇಲೆ ಜನ ಎಷ್ಟು ಬೇಗ ಜಾಗ ಬದಲಿಸಬೇಡ!

ಇದನ್ನು ತಡೆಯಲೇಬೇಕು ಅಂತ ಹಟ ಹಿಡಿದ ಸರ್ಕಾರ ಸಿಂಗಾಪುರದ್ದು. 1964ರಲ್ಲಿ ಅಲ್ಲಿ ಚೀನೀಯರಿಗೂ ಮಲಯರಿಗೂ ಎರಡು ಸಲ ಗಲಭೆ ಆಗಿತ್ತು. ಈಗ ಅಲ್ಲಿನ ನಿವಾಸಿಗಳಲ್ಲಿ ಶೇ. 80ರಷ್ಟು ಜನ ಇರುವುದು ಸರ್ಕಾರ ಕಟ್ಟಿದ ಫ್ಲ್ಯಾಟುಗಳಲ್ಲಿ. 1989ರಿಂದ ಪ್ರತಿ ಕಟ್ಟಡಕ್ಕೂ ಮಿತಿ ಇದೆ. ಚೀನೀಯರು ಶೇ. 87 ದಾಟುವ ಹಾಗಿಲ್ಲ, ಮಲಯರು ಶೇ. 25 ದಾಟುವ ಹಾಗಿಲ್ಲ. ಮಿತಿ ಮುಟ್ಟಿದ ಕಟ್ಟಡದಲ್ಲಿ ಆ ಗುಂಪಿನ ಹೊರಗಿನವರು ಅದೇ ಗುಂಪಿನವರಿಗೆ ಫ್ಲ್ಯಾಟ್ ಮಾರುವಂತಿಲ್ಲ. ಅದರ ಬಿಸಿ ಹೆಚ್ಚು ತಟ್ಟಿದ್ದು ಅಲ್ಪಸಂಖ್ಯಾತರಿಗೆ. ಕೊಳ್ಳುವವರು ಕಡಿಮೆ, ಬೆಲೆಯೂ ಕಡಿಮೆ. 2022ರಲ್ಲಿ ಸರ್ಕಾರವೇ ಇದನ್ನು ಒಪ್ಪಿಕೊಂಡು, ಮಾರಲಾಗದೆ ಸಿಕ್ಕಿಕೊಂಡವರಿಂದ ಕೆಲವು ಸಂದರ್ಭಗಳಲ್ಲಿ ತಾನೇ ವಾಪಸ್ ಕೊಳ್ಳುತ್ತೇನೆ ಅಂದಿತು. ನನಗೆ ಈ ನೀತಿ ಪೂರ್ತಿ ಇಷ್ಟವೂ ಇಲ್ಲ, ಪೂರ್ತಿ ತಳ್ಳಿಹಾಕಲೂ ಆಗದು. ಒಂದಂತೂ ಹೇಳುತ್ತೇನೆ. ಅಲ್ಲಿ ಮನೆ, ಕೆಲಸ, ಪೊಲೀಸ್, ನ್ಯಾಯಾಲಯ ಎಲ್ಲ ಗಟ್ಟಿ ಇದೆ. ಅದನ್ನೆಲ್ಲ ಬಿಟ್ಟು ಬರೀ ಶೇಕಡಾವಾರನ್ನು ನಕಲು ಮಾಡಿದರೆ, ಹೆದರಿದವನನ್ನು ಹೆದರಿಸಿದವನ ಪಕ್ಕದ ಬಾಗಿಲಿಗೆ ಕಳಿಸಿದ ಹಾಗಾಗುತ್ತದೆ.

ಹಾಗಾದರೆ ಒಡೆದ ಮೇಲೆ ಏನೂ ಮಾಡಲು ಆಗುವುದಿಲ್ಲವಾ? ಬೋಸ್ನಿಯಕ್ಕೇ ವಾಪಸ್ ಹೋಗುತ್ತೇನೆ. ಯುದ್ಧ ನಿಲ್ಲಿಸಿದ 1995ರ ಡೇಟನ್ ಒಪ್ಪಂದದ ಏಳನೇ ಅನುಬಂಧದಲ್ಲಿ, ಪ್ರತಿಯೊಬ್ಬರಿಗೂ ತಮ್ಮ ಮೂಲ ಮನೆಗೆ ಮರಳುವ ಹಕ್ಕಿದೆ ಅಂತ ಬರೆದಿತ್ತು. ಮೊದಲ ಕೆಲವು ವರ್ಷ ಅದು ಕಾಗದದಲ್ಲೇ ಉಳಿಯಿತು. ಆಮೇಲೆ ಆಸ್ತಿ ಕಾನೂನು ಬಿಗಿ ಮಾಡಿದರು. ಮನೆ ಬಿಟ್ಟುಕೊಡಿಸದ ಸ್ಥಳೀಯ ಅಧಿಕಾರಿಗಳನ್ನು ಕೆಲಸದಿಂದ ತೆಗೆದರು. ಆಸ್ತಿ ಅರ್ಜಿಗಳಲ್ಲಿ ಹೆಚ್ಚಿನವು ಕೆಲವೇ ವರ್ಷಗಳಲ್ಲಿ ಇತ್ಯರ್ಥವಾದವು. 2004ರ ಹೊತ್ತಿಗೆ ಮರಳಿದವರ ಲೆಕ್ಕ 10 ಲಕ್ಷ ಮುಟ್ಟಿತು. ಎಷ್ಟೋ ಜನ ಮನೆ ವಾಪಸ್ ಪಡೆದು, ಮಾರಿ, ತಮ್ಮವರ ಕಡೆಗೇ ಹೋದರು, ನಿಜ. ಕೆಲವು ಕಡೆ ಇಂದಿಗೂ ‘ಒಂದೇ ಸೂರಿನಡಿ ಎರಡು ಶಾಲೆ’ ಇದೆ, ಒಂದೇ ಕಟ್ಟಡದಲ್ಲಿ ಮಕ್ಕಳಿಗೆ ಬೇರೆ ಬೇರೆ ಪಾಠ. ಅದನ್ನು ನೋಡಿದರೆ ಮೇಷ್ಟ್ರಾದ ನನಗೆ ಹೊಟ್ಟೆ ಉರಿಯುತ್ತದೆ. ಆದರೂ, ಮಾರಿದವರು ತಾವೇ ಮಾರಿದರು, ಬೆಲೆ ತೆಗೆದುಕೊಂಡು ಹೋದರು. ಪ್ರಿಗೊರೊದ್ನಿಯ ಕುಟುಂಬಕ್ಕೆ ಅಷ್ಟೂ ಸಿಗಲಿಲ್ಲ.

ಕೊನೆಗೆ ಪಟ್ಟಿಗಳ ವಿಷಯ. 1983ರ ಜುಲೈನಲ್ಲಿ ಕೊಲಂಬೋದಲ್ಲಿ ತಮಿಳರ ಮನೆ ಅಂಗಡಿಗಳನ್ನು ಸುಟ್ಟ ಗುಂಪುಗಳ ಕೈಯಲ್ಲಿ ಮತದಾರರ ಪಟ್ಟಿಗಳಿದ್ದವು. ಬೆರೆತ ಬೀದಿಯಲ್ಲಿ ಯಾವ ಬಾಗಿಲು ಯಾರದು ಅಂತ ತೋರಿಸಿದ್ದು ಅವೇ. ಯಾವುದೋ ಗುಮಾಸ್ತ ಒಳ್ಳೆಯ ಕೆಲಸಕ್ಕೇ ಅದನ್ನು ಅಚ್ಚುಕಟ್ಟಾಗಿ ಬರೆದಿರುತ್ತಾನೆ. ನಿಮ್ಮ ಕಚೇರಿಯಲ್ಲೂ ಅಂಥ ಪಟ್ಟಿ ಇದೆ. ಯಾವ ಶೆಡ್ಡಿನಲ್ಲಿ ಯಾವ ಸಮುದಾಯ ಅಂತ ಬರೆದ ಪಟ್ಟಿ. ಅದು ಯಾವ ಬೀರುವಿನಲ್ಲಿದೆ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಇವತ್ತೇ ನೋಡಿ.

ನನ್ನ ವಿದ್ಯಾರ್ಥಿಗೆ ಎರಡು ದಿನ ತಡವಾಗಿ ಫೋನ್ ಮಾಡಿದೆ. ಒಂದೇ ಕಡೆಯಾ, ಬೇರೆ ಕಡೆಯಾ ಅನ್ನುವುದನ್ನು ಮೊದಲು ಆ ಜನರನ್ನೇ ಕೇಳು ಅಂದೆ, ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆಯಾಗಿ. ಈಗ ಹೆದರಿದ್ದಾರೆ, ಬೇರೆ ಇರುತ್ತೇವೆ ಅಂದರೆ ಬೇರೆಯೇ ಇರಲಿ, ಬಲವಂತ ಬೇಡ. ಆದರೆ ಫೈಲಿನಲ್ಲಿ ಷರಾ ಬರೆಯುವಾಗ ‘ತಾತ್ಕಾಲಿಕ’ ಅನ್ನುವ ಪದದ ಮುಂದೆ ಒಂದು ತಾರೀಕು ಹಾಕು. ಆ ದಿನ ಈ ಫೈಲು ಮತ್ತೆ ಯಾರ ಮೇಜಿಗೆ ಬರಬೇಕು ಅಂತ ಹುದ್ದೆ ಬರೆ. ಅವರು ಬಿಟ್ಟು ಬಂದ ಮನೆಗಳಿಗೆ ಇನ್ನೊಬ್ಬರ ಹೆಸರು ಏರದ ಹಾಗೆ ಖಾತೆ ತಡೆಹಿಡಿಯಲು ಕಂದಾಯದವರಿಗೆ ಇವತ್ತೇ ಪತ್ರ ಹಾಕು. ಎರಡೂ ಕಡೆಯ ಶಿಬಿರಕ್ಕೆ ಹತ್ತಿರವಾಗುವ ಕಡೆ ಆಸ್ಪತ್ರೆ, ಪಡಿತರ, ಶಾಲೆ ಇಡಲು ಸಾಧ್ಯವಾ ನೋಡು.

“ಷರಾ ಆಗಲೇ ಬರೆದು ಕಳಿಸಿಬಿಟ್ಟೆ ಸರ್” ಅಂದ. ಏನು ಬರೆದೆ ಅಂತ ಕೇಳಿದೆ.

“ಬೇರೆ ಬೇರೆ, ತಾತ್ಕಾಲಿಕವಾಗಿ.”

ಫೈಲು ಇನ್ನೂ ಮೇಲಿನ ಸಹಿಗೆ ಕಾಯುತ್ತಿದೆಯಂತೆ. ಸಹಿ ಹಾಕಬೇಕಾದವರು ಈ ಪತ್ರ ಓದುತ್ತಿದ್ದರೆ, ಆ ಪದದ ಮುಂದೆ ಜಾಗ ಖಾಲಿ ಇದೆ. ದಯವಿಟ್ಟು ತಾರೀಕು ತುಂಬಿ.

ಇಂತಿ,
ಒಬ್ಬ ನಿವೃತ್ತ ಭೂಗೋಳ ಮೇಷ್ಟ್ರು